ಟವರ್ ಪಕ್ಕದ ಹುಳುಮನೆ: ಮೈಕ್ರೋವೇವ್ ಜೀವಕೋಶಕ್ಕೆ ನಿಜವಾಗಿ ಏನು ಮಾಡುತ್ತದೆ?

ಹೋದ ವರ್ಷ ನಮ್ಮ ಚಿಕ್ಕಪ್ಪನ ಬೆಳೆ ಹೋಯಿತು. ಶಿಡ್ಲಘಟ್ಟದ ಕಡೆ ಬೆಳೆ ಅಂದರೆ ರೇಷ್ಮೆ ಅಂತಲೇ ಅರ್ಥ. ಹುಳು ನಾಲ್ಕನೇ ಜ್ವರ, ಅಂದರೆ ಪೊರೆ ಕಳಚುವ ನಿದ್ದೆ, ಎದ್ದು ಐದನೇ ದಿನ. ಸೊಪ್ಪು ಹಾಕಿದರೆ ಹುಳುಮನೆ ಒಳಗೆ ಮಳೆ ಬಿದ್ದ ಹಾಗೆ ಸದ್ದು. ಇನ್ನೆರಡು ದಿನ ಕಳೆದಿದ್ದರೆ ಹಣ್ಣಾಗಿ, ಗೂಡು ಕಟ್ಟಲು ಚಂದ್ರಿಕೆ ಏರುತ್ತಿದ್ದವು. ಒಂದು ಮಧ್ಯಾಹ್ನ ಸೊಪ್ಪು ಕೊಟ್ಟು ಬಂದರು. ಸಂಜೆ ಬಾಗಿಲು ತೆಗೆದರೆ ಸದ್ದೇ ಇಲ್ಲ. ಹುಳುಗಳು ತಲೆ ಅತ್ತಿತ್ತ ಆಡಿಸುತ್ತಾ, ಹಸಿರು ನೀರು ಕಕ್ಕುತ್ತಾ, ಮೈ ಕುಗ್ಗಿಸಿಕೊಂಡು ಬಿದ್ದಿದ್ದವು. ಬೆಳಗಾಗುವಷ್ಟರಲ್ಲಿ ಅರ್ಧಕ್ಕೂ ಜಾಸ್ತಿ ತಿಪ್ಪೆಗೆ ಹೋದವು.

ಹುಳುಮನೆಯಿಂದ ಒಂದು ಕೂಗಳತೆ ದೂರದಲ್ಲಿ, ನಾಲ್ಕು ತಿಂಗಳ ಹಿಂದಷ್ಟೇ ಮೊಬೈಲ್ ಟವರ್ ಎದ್ದಿತ್ತು. ಇಷ್ಟು ಸಾಕಲ್ವಾ? ಎರಡೇ ದಿನದಲ್ಲಿ ಊರಿನ ಅರ್ಜಿ ತಯಾರಾಯಿತು. ಗುಬ್ಬಿ ಕಾಣಿಸುತ್ತಿಲ್ಲ, ಜೇನು ಗೂಡು ಬಿಟ್ಟು ಹೋಗಿದೆ, ಹೆಂಗಸರಿಗೆ ತಲೆನೋವು, ಈಗ ರೇಷ್ಮೆ ಹುಳು. ಎಲ್ಲದಕ್ಕೂ ಒಂದೇ ಕಾರಣ.

"ನೀನು ಸೈನ್ಸ್ ಓದಿದೋನು. ಆ ತರಂಗ ಹುಳಕ್ಕೆ ಹೊಡೆಯುತ್ತಾ ಇಲ್ವಾ, ಒಂದೇ ಮಾತಲ್ಲಿ ಹೇಳಪ್ಪ" ಅಂದರು ಚಿಕ್ಕಪ್ಪ.

ಒಂದೇ ಮಾತಲ್ಲಿ ಹೇಳೋಕೆ ಆಗಲಿಲ್ಲ. ಆಗ ಹೇಳಲಾಗದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೈಕ್ರೋವೇವ್ ಅಂದರೆ ಸೆಕೆಂಡಿಗೆ 30 ಕೋಟಿ ಸಲದಿಂದ 30,000 ಕೋಟಿ ಸಲದವರೆಗೆ ಅಲುಗುವ ವಿದ್ಯುತ್ಕಾಂತ ತರಂಗ. ಲೆಕ್ಕದ ಭಾಷೆಯಲ್ಲಿ 300 ಮೆಗಾಹರ್ಟ್ಜ್‌ನಿಂದ 300 ಗಿಗಾಹರ್ಟ್ಜ್. ನಮ್ಮ ಮೊಬೈಲು 700ರಿಂದ ಹಿಡಿದು ಸುಮಾರು 3,500 ಮೆಗಾಹರ್ಟ್ಜ್‌ವರೆಗೆ ಬೇರೆ ಬೇರೆ ಪಟ್ಟಿಗಳಲ್ಲಿ ಮಾತಾಡುತ್ತದೆ. ವೈಫೈ 2.4 ಮತ್ತು 5 ಗಿಗಾಹರ್ಟ್ಜ್. ಅಡುಗೆಮನೆಯ ಮೈಕ್ರೋವೇವ್ ಒಲೆ 2.45. ಬೆಳಕೂ ಇದೇ ವಂಶದ್ದು, ಎಕ್ಸ್‌ರೇ ಕೂಡ. ವ್ಯತ್ಯಾಸ ಇರುವುದು ಅಲುಗುವ ವೇಗದಲ್ಲಿ.

ಗಲಿಬಿಲಿ ಶುರುವಾಗುವುದು 'ವಿಕಿರಣ' ಎಂಬ ಪದದಿಂದ. ಹಿರೋಷಿಮಾಕ್ಕೂ ಅದೇ ಪದ, ಟವರ್‌ಗೂ ಅದೇ ಪದ. ಎಕ್ಸ್‌ರೇ, ಗಾಮಾ ಕಿರಣಗಳು ಅಣುವಿನಿಂದ ಎಲೆಕ್ಟ್ರಾನ್ ಕಿತ್ತು ಹಾಕಬಲ್ಲವು. ಡಿಎನ್ಎ ತುಂಡಾಗುವುದು ಹಾಗೆ. ಎಲೆಕ್ಟ್ರಾನ್ ಕೀಳಲು ಒಂದೊಂದು ಬೆಳಕಿನ ಕಣಕ್ಕೂ ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಮೈಕ್ರೋವೇವ್ ಒಲೆಯ ಒಂದು ಕಣದಲ್ಲಿ ಇರುವುದು ಅದರ ಹತ್ತು ಲಕ್ಷದ ಒಂದು ಭಾಗ ಮಾತ್ರ. "ಕಣ ಚಿಕ್ಕದಾದರೇನು, ಕೋಟಿಗಟ್ಟಲೆ ಬರುತ್ತಲ್ಲ" ಅಂತ ಕೇಳಬಹುದು. ರಾಗಿ ಕಾಳು ಎಸೆದು ತೆಂಗಿನಕಾಯಿ ಬೀಳಿಸಲು ಹೋದ ಹಾಗೆ ಅದು. ಒಂದು ಕಲ್ಲು ಬಿದ್ದರೆ ಕಾಯಿ ಬೀಳುತ್ತದೆ. ಒಂದು ಮೂಟೆ ರಾಗಿಯನ್ನು ಒಂದೊಂದೇ ಕಾಳಾಗಿ ಎಸೆದರೂ ತೊಟ್ಟು ಮುರಿಯಲ್ಲ.

ಹಾಗಂತ ರಾಗಿ ಏನೂ ಮಾಡಲ್ಲ ಅನ್ನುವಂತಿಲ್ಲ. ಅಷ್ಟೂ ಕಾಳು ಬಂದು ಬಡಿದರೆ ಕಾಯಿಯ ಮೈ ಸ್ವಲ್ಪ ಬಿಸಿಯಾದೀತು. ಈ ವಿಷಯದಲ್ಲಿ ನಡೆದಿರುವ ವಿಜ್ಞಾನದ ಜಗಳ ಎಲ್ಲ ಆ 'ಸ್ವಲ್ಪ ಬಿಸಿ'ಯ ಸುತ್ತಲೇ ಇದೆ.

ಬಿಸಿ ಹೇಗೆ ಬರುತ್ತದೆ?

ನೀರಿನ ಅಣುವಿಗೆ ಒಂದು ತುದಿ ಧನ, ಒಂದು ತುದಿ ಋಣ. ತರಂಗದ ವಿದ್ಯುತ್ ಕ್ಷೇತ್ರ ಆ ಕಡೆ ಈ ಕಡೆ ತಿರುಗಿದ ಹಾಗೆಲ್ಲ ಅಣುವೂ ತಿರುಗಲು ನೋಡುತ್ತದೆ. ಪಕ್ಕದ ಅಣುಗಳಿಗೆ ತಾಗುತ್ತದೆ, ತಿಕ್ಕಾಟದಲ್ಲಿ ಶಾಖ ಹುಟ್ಟುತ್ತದೆ. 1945ರಲ್ಲಿ ಅಮೆರಿಕದ ರೇಥಿಯಾನ್ ಕಂಪನಿಯ ಎಂಜಿನಿಯರ್ ಪರ್ಸಿ ಸ್ಪೆನ್ಸರ್ ಅವರ ಜೇಬಿನಲ್ಲಿದ್ದ ಚಾಕೊಲೇಟ್ ರೇಡಾರ್ ಉಪಕರಣದ ಪಕ್ಕ ನಿಂತಾಗ ಕರಗಿದ ಕಥೆ ಎಲ್ಲರಿಗೂ ಗೊತ್ತು. ಒಲೆ ಬಂದಿದ್ದು ಅಲ್ಲಿಂದ.

ಒಲೆಯ 2.45 ಗಿಗಾಹರ್ಟ್ಜ್ ನೀರಿನ ಅಣುವಿಗೇ ಹೇಳಿ ಮಾಡಿಸಿದ ಆವರ್ತನ, ಅದಕ್ಕೇ ಅಷ್ಟು ಅಪಾಯ ಅಂತ ವಾಟ್ಸ್ಯಾಪ್‌ನಲ್ಲಿ ಓಡಾಡುತ್ತದೆ. ಸುಳ್ಳು. ನೀರು ಅತಿ ಹೆಚ್ಚು ಹೀರುವುದು ಸುಮಾರು 20 ಗಿಗಾಹರ್ಟ್ಜ್ ಆಸುಪಾಸಿನಲ್ಲಿ. ಒಲೆಯನ್ನು ಅಲ್ಲಿಗೆ ಇಟ್ಟರೆ ಮುದ್ದೆಯ ಹೊರಮೈ ಮಾತ್ರ ಸುಟ್ಟು ಒಳಗೆ ತಣ್ಣಗಿರುತ್ತಿತ್ತು. 2.45ರಲ್ಲಿ ನೀರು ಪೂರ್ತಿ ಹೀರದೆ ತರಂಗವನ್ನು ಸ್ವಲ್ಪ ಒಳಕ್ಕೆ ಬಿಡುತ್ತದೆ, ಅದೇ ಅನುಕೂಲ. ಮನುಷ್ಯನ ಮೈಯಲ್ಲೂ ಇದೇ ಲೆಕ್ಕ. 900 ಮೆಗಾಹರ್ಟ್ಜ್ ತರಂಗ ಕೆಲವು ಸೆಂಟಿಮೀಟರ್ ಒಳಗೆ ಇಳಿಯುತ್ತದೆ. 5ಜಿಗೆ ಇಟ್ಟಿರುವ 26 ಗಿಗಾಹರ್ಟ್ಜ್ ಚರ್ಮದ ಮೇಲ್ಪದರದಲ್ಲೇ ನಿಂತುಬಿಡುತ್ತದೆ. ಆವರ್ತನ ಜಾಸ್ತಿಯಾದಷ್ಟೂ ಒಳಗೆ ಹೊಕ್ಕುತ್ತದೆ ಎಂಬುದು ಜನರ ಭಯ. ವಾಸ್ತವ ಅದರ ತಿರುಗುಮುರುಗು.

ಬಿಸಿಯಿಂದ ಕೋಶಕ್ಕೆ ಹಾನಿ ಆಗುತ್ತದೆ ಎಂಬುದರಲ್ಲಿ ಯಾರಿಗೂ ಅನುಮಾನವಿಲ್ಲ. ಡಾಕ್ಟರುಗಳು ಅದನ್ನು ಬೇಕಂತಲೇ ಬಳಸುತ್ತಾರೆ. ಯಕೃತ್ತಿನ ಗಡ್ಡೆಯೊಳಗೆ ಸೂಜಿಯಂಥ ಆಂಟೆನಾ ಇಳಿಸಿ, 915 ಮೆಗಾಹರ್ಟ್ಜ್ ಅಥವಾ 2.45 ಗಿಗಾಹರ್ಟ್ಜ್ ತರಂಗ ಬಿಟ್ಟು, ಆ ಕೋಶಗಳನ್ನು ಬೇಯಿಸಿ ಸಾಯಿಸುವ ಚಿಕಿತ್ಸೆ ಇದೆ. ರಕ್ತ ಚೆನ್ನಾಗಿ ಹರಿಯುವ ಜಾಗದಲ್ಲಿ ರಕ್ತವೇ ಶಾಖವನ್ನು ಹೊತ್ತುಕೊಂಡು ಹೋಗಿ ಕಾಪಾಡುತ್ತದೆ. ಕಣ್ಣಿನ ಮಸೂರಕ್ಕೆ ರಕ್ತನಾಳವೇ ಇಲ್ಲ. ಅದಕ್ಕೇ ಪ್ರಾಣಿಗಳ ಮೇಲೆ ತೀವ್ರ ಮೈಕ್ರೋವೇವ್ ಬಿಟ್ಟಾಗ ಪೊರೆ ಬಂದಿದ್ದು.

ಮಿತಿಗಳು ಹುಟ್ಟಿದ್ದೂ ಈ ಬಿಸಿಯಿಂದಲೇ. ಮೈಯ ಪ್ರತಿ ಕಿಲೋಗೆ 4 ವ್ಯಾಟ್ ಹೀರಿಕೊಂಡರೆ ದೇಹದ ಉಷ್ಣತೆ ಸುಮಾರು ಒಂದು ಡಿಗ್ರಿ ಏರುತ್ತದೆ. ಆ ಮಟ್ಟದಲ್ಲಿ ಇಲಿ, ಕೋತಿಗಳು ಕಲಿತ ಕೆಲಸ ಮಾಡುವುದನ್ನು ಬಿಟ್ಟುಬಿಟ್ಟವು. ಜನಸಾಮಾನ್ಯರಿಗೆ ಅದರ ಐವತ್ತನೇ ಒಂದು ಭಾಗ, ಅಂದರೆ ಕಿಲೋಗೆ 0.08 ವ್ಯಾಟ್ ಅಂತ ಅಂತರರಾಷ್ಟ್ರೀಯ ಮಿತಿ ಇಟ್ಟರು. ಸುಮ್ನೆ ಕೂತಿದ್ದಾಗಲೂ ನಮ್ಮ ದೇಹ ತಾನೇ ಕಿಲೋಗೆ ಒಂದು ವ್ಯಾಟ್‌ಗಿಂತ ಸ್ವಲ್ಪ ಜಾಸ್ತಿ ಶಾಖ ಹುಟ್ಟಿಸುತ್ತಿರುತ್ತದೆ. ಇದನ್ನು ಪಕ್ಕಕ್ಕಿಟ್ಟು ನೋಡಿದರೆ 0.08 ಎಷ್ಟು ಎಂಬ ಅಂದಾಜು ಸಿಗುತ್ತದೆ.

ಬಿಸಿಯ ಇನ್ನೊಂದು ವಿಚಿತ್ರ ಇದೆ. ರೇಡಾರ್ ಹತ್ತಿರ ಕೆಲಸ ಮಾಡುತ್ತಿದ್ದವರು ತಲೆಯೊಳಗೆ 'ಟಿಕ್ ಟಿಕ್' ಸದ್ದು ಕೇಳಿಸುತ್ತದೆ ಅನ್ನುತ್ತಿದ್ದರು. ಹುಚ್ಚು ಅಂದುಕೊಂಡವರೂ ಇದ್ದರು. 1960ರ ದಶಕದ ಶುರುವಿನಲ್ಲಿ ಆಲನ್ ಫ್ರೇ ಎಂಬ ವಿಜ್ಞಾನಿ ಅದು ನಿಜ ಎಂದು ತೋರಿಸಿದರು. ತೀವ್ರ ತರಂಗ ತುಣುಕು ತುಣುಕಾಗಿ ಬಂದಾಗ ತಲೆಯ ಅಂಗಾಂಶ ಡಿಗ್ರಿಯ ಲಕ್ಷಾಂತರದ ಒಂದು ಭಾಗದಷ್ಟು ಬಿಸಿಯಾಗಿ, ಕೂದಲೆಳೆಗಿಂತ ಎಷ್ಟೋ ಕಡಿಮೆ ಹಿಗ್ಗಿ, ಆ ತಳ್ಳುವಿಕೆ ಒಳಕಿವಿಗೆ ಸದ್ದಾಗಿ ಮುಟ್ಟುತ್ತದೆ. 'ಬಿಸಿ ಅಲ್ಲದ ಪರಿಣಾಮ' ಅಂತ ಕಂಡಿದ್ದರ ಕೊನೆಯಲ್ಲಿ ಸಿಕ್ಕಿದ್ದು ಬಿಸಿಯೇ.

ಬಿಸಿ ಇಲ್ಲದೆಯೂ ಏನಾದರೂ ಆಗುತ್ತಾ?

ಚಿಕ್ಕಪ್ಪ ಕೇಳಿದ ಪ್ರಶ್ನೆ ನಿಜವಾಗಿ ಇದು. ಥರ್ಮಾಮೀಟರ್ ಅಲುಗದಷ್ಟು ಸಣ್ಣ ತರಂಗವೂ ಕೋಶದೊಳಗೆ ಏನಾದರೂ ಕಿತಾಪತಿ ಮಾಡುತ್ತದೆಯೇ?

ನನಗೆ ಇದರಲ್ಲಿ ಎಲ್ಲಕ್ಕಿಂತ ಇಷ್ಟವಾದ ಕಥೆ ಒಂದು ಹುಳುವಿನದ್ದು. ರೇಷ್ಮೆ ಹುಳು ಅಲ್ಲ, ಮಣ್ಣಲ್ಲಿ ಬದುಕುವ, ಒಂದು ಮಿಲಿಮೀಟರ್ ಉದ್ದದ ದಾರದಂಥ ಹುಳು. 2000ನೇ ಇಸವಿಯಲ್ಲಿ ಬ್ರಿಟನ್ನಿನ ಡೇವಿಡ್ ಡಿ ಪೊಮರೈ ತಂಡ ಈ ಹುಳುಗಳನ್ನು ರಾತ್ರಿಯಿಡೀ 750 ಮೆಗಾಹರ್ಟ್ಜ್ ತರಂಗದಲ್ಲಿ ಇಟ್ಟಿತು. ಕೋಶಕ್ಕೆ ಕಷ್ಟ ಬಂದಾಗ, ಅದರಲ್ಲೂ ಬಿಸಿ ತಾಗಿದಾಗ, ಅದು ಒಂದು ಬಗೆಯ ರಕ್ಷಕ ಪ್ರೋಟೀನ್ ತಯಾರಿಸುತ್ತದೆ. ತರಂಗದಲ್ಲಿದ್ದ ಹುಳುಗಳಲ್ಲಿ ಆ ಪ್ರೋಟೀನ್ ಜಾಸ್ತಿಯಾಯಿತು. ಅಳತೆಯಲ್ಲಿ ಬಿಸಿ ಕಾಣಲಿಲ್ಲ. 'ನೇಚರ್' ಪತ್ರಿಕೆಯಲ್ಲಿ ವರದಿ ಬಂತು, ಜಗತ್ತೆಲ್ಲ ಗುಲ್ಲಾಯಿತು. ಬಿಸಿ ಇಲ್ಲದೆಯೂ ಕೋಶ ಕೂಗುತ್ತಿದೆ ಎಂದರೆ ಸಣ್ಣ ವಿಷಯವೇ?

ಮುಂದೆ ಆಗಿದ್ದನ್ನು ಪೇಪರಿನವರು ಅಷ್ಟಾಗಿ ಬರೆಯಲಿಲ್ಲ. ಅದೇ ತಂಡ ತನ್ನ ಪೆಟ್ಟಿಗೆಯನ್ನು ಇನ್ನೂ ಸೂಕ್ಷ್ಮವಾಗಿ ಪರೀಕ್ಷಿಸಿತು. ತರಂಗ ಇದ್ದ ಕಡೆಗೂ ಇಲ್ಲದ ಕಡೆಗೂ ಸುಮಾರು 0.2 ಡಿಗ್ರಿ ವ್ಯತ್ಯಾಸ ಸಿಕ್ಕಿತು. ಐದನೇ ಒಂದು ಡಿಗ್ರಿ! ಅದನ್ನು ಸರಿಪಡಿಸಿ ನೋಡಿದರೆ ಪರಿಣಾಮ ಮಾಯ. 2006ರಲ್ಲಿ ಅವರು ತಮ್ಮ ವರದಿಯನ್ನು ತಾವೇ ವಾಪಸ್ ತೆಗೆದುಕೊಂಡರು. ಆ ತಂಡದ ಮೇಲೆ ನನಗೆ ಗೌರವ ಹುಟ್ಟಿದ್ದು ಮೊದಲ ವರದಿಯಿಂದಲ್ಲ, ಇದರಿಂದ.

ಇದನ್ನು ಚಿಕ್ಕಪ್ಪನಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಚಾಕಿ ಹುಳಕ್ಕೆ, ಅಂದರೆ ಎಳೆ ಹುಳಕ್ಕೆ, 27-28 ಡಿಗ್ರಿ, ದೊಡ್ಡ ಹುಳಕ್ಕೆ 24-25 ಡಿಗ್ರಿ ಇರಬೇಕು ಅಂತ ಥರ್ಮಾಮೀಟರ್ ನೋಡಿಕೊಂಡು, ಗೋಣಿಚೀಲ ನೆನೆಸಿ ಕಿಟಕಿಗೆ ಕಟ್ಟುವ ಮನುಷ್ಯ ಅವರು. "ಒಂದೇ ಹುಳುಮನೇಲಿ ಮೇಲಿನ ಅಂಕಣಕ್ಕೂ ಕೆಳಗಿನ ಅಂಕಣಕ್ಕೂ ಒಂದು ಡಿಗ್ರಿ ಫರಕು ಇರುತ್ತೆ. ಅವರಿಗೆ ಅಷ್ಟೂ ಗೊತ್ತಿರಲಿಲ್ವಾ?" ಅಂದರು.

ಗೊತ್ತಿತ್ತು. ಆದರೆ ಮೈಕ್ರೋವೇವ್‌ನಲ್ಲಿ ಅದನ್ನು ಹಿಡಿಯುವುದು ಕಷ್ಟ. ಒಲೆಯಲ್ಲಿ ಇಟ್ಟ ಅನ್ನ ಒಂದು ಕಡೆ ಕೆಂಡ, ಒಂದು ಕಡೆ ತಣ್ಣಗೆ ಇರುವುದನ್ನು ನೋಡಿದ್ದೀರಲ್ಲ? ತರಂಗಗಳು ಒಂದಕ್ಕೊಂದು ಸೇರಿ ಕೆಲವು ಕಡೆ ಗಟ್ಟಿಯಾಗುತ್ತವೆ, ಕೆಲವು ಕಡೆ ಇಲ್ಲವಾಗುತ್ತವೆ. ಅದಕ್ಕೇ ತಟ್ಟೆ ತಿರುಗುವುದು. ಪ್ರಯೋಗಾಲಯದಲ್ಲಿ ಕೋಶ ಬೆಳೆಸುವ ಗಾಜಿನ ತಟ್ಟೆಯಲ್ಲೂ ಹೀಗೇ ಆಗುತ್ತದೆ. ದ್ರವ ಅಂಚಿನಲ್ಲಿ ಸ್ವಲ್ಪ ಮೇಲೇರಿ ನಿಂತಿರುತ್ತದಲ್ಲ, ಆ ಜಾಗದಲ್ಲಿ ಹೀರುವಿಕೆ ಬೇರೆಯೇ. ಮಧ್ಯದಲ್ಲಿ ಇಟ್ಟ ಥರ್ಮಾಮೀಟರ್ 37 ತೋರಿಸುತ್ತಿದ್ದರೂ ಅಂಚಿನ ಕೋಶಕ್ಕೆ ಸೆಕೆ ಆಗಿರಬಹುದು. ಹಾಗಾಗಿ ಈ ವಿಷಯದ ಯಾವ ವರದಿ ಬಂದರೂ ನಾನು ಮೊದಲು ಹುಡುಕುವುದು ಒಂದನ್ನೇ. ಬಿಸಿಯನ್ನು ಹೊರಗಿಟ್ಟು ನೋಡಿದ್ದಾರಾ? ಹೇಗೆ?

ಎರಡನೇ ಕಥೆ ಡಿಎನ್ಎಯದ್ದು. 1995ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಹೆನ್ರಿ ಲಾಯ್ ಮತ್ತು ನರೇಂದ್ರ ಸಿಂಗ್, 2.45 ಗಿಗಾಹರ್ಟ್ಜ್‌ನಲ್ಲಿ ಎರಡು ಗಂಟೆ ಇಟ್ಟ ಇಲಿಗಳ ಮಿದುಳಿನ ಕೋಶಗಳಲ್ಲಿ ಡಿಎನ್ಎ ತುಂಡಾಗಿದೆ ಎಂದರು. ಸಿಂಗ್ ಸಾಮಾನ್ಯರಲ್ಲ. ತುಂಡಾದ ಡಿಎನ್ಎಯನ್ನು ಅಳೆಯಲು ಇಂದು ಜಗತ್ತೆಲ್ಲ ಬಳಸುವ 'ಕಾಮೆಟ್' ಪರೀಕ್ಷೆಯ ಕ್ಷಾರೀಯ ವಿಧಾನವನ್ನು 1988ರಲ್ಲಿ ರೂಪಿಸಿದ ತಂಡದ ಮುಂದಾಳು. ಒಂದೊಂದು ಕೋಶವನ್ನು ಜೆಲ್‌ನಲ್ಲಿಟ್ಟು ವಿದ್ಯುತ್ ಹರಿಸಿದರೆ, ತುಂಡಾದ ಡಿಎನ್ಎ ಧೂಮಕೇತುವಿನ ಬಾಲದ ಹಾಗೆ ಹಿಂದೆ ಹರಿಯುತ್ತದೆ. ಬಾಲ ಉದ್ದ ಇದ್ದಷ್ಟೂ ಹಾನಿ ಜಾಸ್ತಿ. ಸೇಂಟ್ ಲೂಯಿಸ್‌ನ ಇನ್ನೊಂದು ತಂಡ ಇದನ್ನೇ ಮಾಡಿ ನೋಡಿದಾಗ ಬಾಲ ಕಾಣಲಿಲ್ಲ. ಇಲಿಯನ್ನು ಯಾವ ರೀತಿ ಕೊಲ್ಲುತ್ತಾರೆ ಎಂಬುದರಿಂದಲೇ ಬಾಲದ ಉದ್ದ ಬದಲಾಗುತ್ತದೆ ಎಂಬುದು ಮಾತ್ರ ಅವರಿಗೆ ಕಂಡಿತು. ಜಗಳ ಇವತ್ತಿಗೂ ಪೂರ್ತಿ ಮುಗಿದಿಲ್ಲ.

ಆಕ್ಸಿಡೇಟಿವ್ ಒತ್ತಡದ ಮಾತೂ ಬರುತ್ತದೆ. ಕೋಶದಲ್ಲಿ ಹುಟ್ಟುವ ಕಿಡಿಗೇಡಿ ಆಮ್ಲಜನಕ ಅಣುಗಳು ತರಂಗದಿಂದ ಜಾಸ್ತಿಯಾಗುತ್ತವೆ ಎಂದು ಹಲವು ಪ್ರಯೋಗಗಳು ಹೇಳಿವೆ, ಇಲ್ಲ ಎಂದೂ ಹಲವು ಹೇಳಿವೆ. ಇಲ್ಲೂ ನನ್ನ ಪ್ರಶ್ನೆ ಅದೇ.

ಭೌತವಿಜ್ಞಾನಿಗಳು ಈ ಬಗ್ಗೆ ಯಾಕೆ ಮುಖ ಸಿಂಡರಿಸುತ್ತಾರೆ ಎಂಬುದಕ್ಕೂ ಕಾರಣ ಇದೆ. 37 ಡಿಗ್ರಿಯಲ್ಲಿ ನಮ್ಮ ಅಣುಗಳು ಸುಮ್ಮನೆ ಕೂತಿರುವುದಿಲ್ಲ, ಸದಾ ಕುಣಿಯುತ್ತಿರುತ್ತವೆ. ಆ ಕುಣಿತದ ಶಕ್ತಿ ಒಲೆಯ ಒಂದು ಮೈಕ್ರೋವೇವ್ ಕಣದ ಶಕ್ತಿಗಿಂತ 2,600 ಪಟ್ಟು ದೊಡ್ಡದು. ಜಾತ್ರೆ ಗದ್ದಲದಲ್ಲಿ ಯಾರೋ ಪಿಸುಗುಟ್ಟಿದ ಹಾಗೆ. ನರಕೋಶದ ಪೊರೆಯನ್ನೇ ನೋಡಿ. ಅದರ ಎರಡು ಬದಿಗೆ ಸುಮಾರು 70 ಮಿಲಿವೋಲ್ಟ್ ವ್ಯತ್ಯಾಸ ಇರುತ್ತದೆ. ಪೊರೆ ಎಷ್ಟು ತೆಳು ಅಂದರೆ ಇದು ಮೀಟರಿಗೆ ಒಂದು ಕೋಟಿ ವೋಲ್ಟ್‌ನಷ್ಟು ಕ್ಷೇತ್ರವಾಗುತ್ತದೆ. 2012ರ ಭಾರತದ ಮಿತಿಯಷ್ಟೇ ತರಂಗ ಬಿದ್ದರೂ, 900 ಮೆಗಾಹರ್ಟ್ಜ್‌ನಲ್ಲಿ, ಗಾಳಿಯಲ್ಲಿ ಅದರ ಕ್ಷೇತ್ರ ಮೀಟರಿಗೆ 13 ವೋಲ್ಟ್. ಮೈಯೊಳಗೆ ಹೋದ ಮೇಲೆ ಇನ್ನೂ ಕಡಿಮೆ.

ಹಾಗಂತ 'ಏನೂ ಇಲ್ಲ' ಎಂದು ಕೈತೊಳೆದುಕೊಳ್ಳುವವರ ಮೇಲೂ ನನಗೆ ಸಿಟ್ಟಿದೆ. 2011ರಲ್ಲಿ ಅಮೆರಿಕದ ನೋರಾ ವೋಲ್ಕೊವ್ ತಂಡ 47 ಜನರ ಕಿವಿಗೆ ಫೋನ್ ಇಟ್ಟು 50 ನಿಮಿಷ ನೋಡಿತು. ಆಂಟೆನಾಕ್ಕೆ ಹತ್ತಿರದ ಮಿದುಳು ಭಾಗ ಸುಮಾರು 7 ಪರ್ಸೆಂಟ್ ಜಾಸ್ತಿ ಗ್ಲೂಕೋಸ್ ಬಳಸಿತು. ಇದು ಪರಿಣಾಮ ಹೌದು. ಕೆಡುಕೇ? ಲೆಕ್ಕ ಮಾಡುವಾಗಲೂ, ಹಾಡು ಕೇಳುವಾಗಲೂ ಮಿದುಳಿನ ಗ್ಲೂಕೋಸ್ ಬಳಕೆ ಏರಿಳಿಯುತ್ತದೆ. ಪರಿಣಾಮ ಬೇರೆ, ಹಾನಿ ಬೇರೆ. ಎರಡೂ ಕಡೆಯವರು ಇದನ್ನು ಬೇಕಂತಲೇ ಕಲಸುತ್ತಾರೆ.

ಇಲಿಗಳ ದೊಡ್ಡ ಪ್ರಯೋಗ ಬಂದಿದ್ದು 2018ರಲ್ಲಿ, ಅಮೆರಿಕದ ರಾಷ್ಟ್ರೀಯ ವಿಷವಿಜ್ಞಾನ ಕಾರ್ಯಕ್ರಮದಿಂದ. ದಿನಕ್ಕೆ ಒಟ್ಟು ಒಂಬತ್ತು ಗಂಟೆ, ಎರಡು ವರ್ಷ, ಇಡೀ ಮೈಗೆ ಕಿಲೋಗೆ 1.5ರಿಂದ 6 ವ್ಯಾಟ್. ಗಂಡು ಇಲಿಗಳ ಹೃದಯದಲ್ಲಿ ಒಂದು ಬಗೆಯ ನರದ ಗಡ್ಡೆ ಜಾಸ್ತಿಯಾಯಿತು, ಸ್ಪಷ್ಟ ಪುರಾವೆ ಎಂದೇ ಅವರು ಕರೆದರು. ಹೆಣ್ಣು ಇಲಿಗಳಲ್ಲಿ ಅಷ್ಟು ಸ್ಪಷ್ಟವಿರಲಿಲ್ಲ. ತಮಾಷೆ ಏನಂದರೆ ತರಂಗದಲ್ಲಿದ್ದ ಗಂಡು ಇಲಿಗಳು ತರಂಗವಿಲ್ಲದವುಗಳಿಗಿಂತ ಜಾಸ್ತಿ ದಿನ ಬದುಕಿದವು. ಹಾಗಂತ ಆ ಗಡ್ಡೆಗಳನ್ನು ತಳ್ಳಿಹಾಕುವುದು ಸರಿಯಲ್ಲ. ಆದರೆ ಅಲ್ಲಿನ ಅತಿ ಕಡಿಮೆ ಪ್ರಮಾಣವೂ ಜನರ 0.08ರ ಮಿತಿಗಿಂತ ಹದಿನೆಂಟು ಪಟ್ಟಿಗೂ ಜಾಸ್ತಿ ಎಂಬುದನ್ನು ಬಿಟ್ಟು ಹೇಳುವುದೂ ಸರಿಯಲ್ಲ.

ಮನುಷ್ಯರ ವಿಷಯಕ್ಕೆ ಬಂದರೆ, ಊರಿನ ಅರ್ಜಿಯಲ್ಲಿ 'ವಿಶ್ವ ಆರೋಗ್ಯ ಸಂಸ್ಥೆಯೇ ಕ್ಯಾನ್ಸರ್ ಬರುತ್ತೆ ಅಂದಿದೆ' ಎಂದು ಬರೆದಿದ್ದರು. ಅದು ಅರ್ಧ ಸತ್ಯ. ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2011ರಲ್ಲಿ ಈ ತರಂಗಗಳನ್ನು '2ಬಿ' ಗುಂಪಿಗೆ ಸೇರಿಸಿತು. 'ಕ್ಯಾನ್ಸರ್ ತರಬಹುದೇನೋ' ಎನ್ನುವ ಗುಂಪು ಅದು. 13 ದೇಶಗಳ ಒಂದು ಅಧ್ಯಯನದಲ್ಲಿ ಒಟ್ಟಾರೆ ಅಪಾಯ ಕಾಣದಿದ್ದರೂ, 1,640 ಗಂಟೆಗಿಂತ ಜಾಸ್ತಿ ಮಾತಾಡಿದವರಲ್ಲಿ ಒಂದು ಬಗೆಯ ಮಿದುಳಿನ ಗಡ್ಡೆ 40 ಪರ್ಸೆಂಟ್ ಹೆಚ್ಚಾಗಿ ಕಂಡಿದ್ದೂ ಅದಕ್ಕೆ ಒಂದು ಕಾರಣ. ಕಾಯಿಲೆ ಬಂದವರು ತಾವು ಮಾತಾಡಿದ್ದನ್ನು ಜಾಸ್ತಿ ಮಾಡಿ ನೆನಪಿಸಿಕೊಳ್ಳುತ್ತಾರೆ ಎಂಬ ಅನುಮಾನ ಆ ಅಧ್ಯಯನ ಮಾಡಿದವರಿಗೇ ಇತ್ತು. ಅದೇ 2ಬಿ ಗುಂಪಿನಲ್ಲಿ ಲೋಳೆಸರದ ಪೂರ್ತಿ ಎಲೆಯ ಸಾರವೂ ಇದೆ. ಖಚಿತವಾಗಿ ಕ್ಯಾನ್ಸರ್ ತರುತ್ತದೆ ಎನ್ನುವ ಒಂದನೇ ಗುಂಪಿನಲ್ಲಿ ತಂಬಾಕು, ಹೆಂಡದ ಜೊತೆ ಇನ್ನೇನಿದೆ ಗೊತ್ತಾ? ಅಡಿಕೆ. ತುಮಕೂರು ಜಿಲ್ಲೆಯ ಗುಬ್ಬಿ, ಚಿಕ್ಕನಾಯಕನಹಳ್ಳಿ ಕಡೆಯ ನನ್ನ ಗೆಳೆಯರು ಇದನ್ನು ಕೇಳಿದರೆ ಮಾತು ಬಿಡುತ್ತಾರೆ. ಅರ್ಜಿ ಬರೆದವರು ಆವತ್ತು ಎಲೆ ಅಡಿಕೆ ಹಾಕಿಕೊಂಡೇ ಬರೆಯುತ್ತಿದ್ದರು ಎಂಬುದನ್ನೂ ಇಲ್ಲಿ ಹೇಳಬೇಕು.

2024ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಮಾಡಿಸಿದ ದೊಡ್ಡ ಪರಿಶೀಲನೆ 22 ದೇಶಗಳ 63 ಅಧ್ಯಯನಗಳನ್ನು ಒಟ್ಟುಗೂಡಿಸಿತು. ಮೊಬೈಲ್ ಬಳಕೆಗೂ ಮಿದುಳಿನ ಕ್ಯಾನ್ಸರಿಗೂ ನಂಟು ಸಿಗಲಿಲ್ಲ. ಮೂವತ್ತು ವರ್ಷದಲ್ಲಿ ಫೋನು ಎಲ್ಲರ ಕೈಗೆ ಬಂದರೂ ಮಿದುಳಿನ ಕ್ಯಾನ್ಸರ್ ಅದಕ್ಕೆ ತಕ್ಕಂತೆ ಏರಿಲ್ಲ ಎಂಬುದು ನನಗೆ ಎಲ್ಲಕ್ಕಿಂತ ದೊಡ್ಡ ಸಾಕ್ಷಿ.

ಇನ್ನು ನಮ್ಮ ಟವರ್. ಭಾರತ 2012ರ ಸೆಪ್ಟೆಂಬರ್‌ನಲ್ಲಿ ಟವರ್ ಮಿತಿಯನ್ನು ಅಂತರರಾಷ್ಟ್ರೀಯ ಮಿತಿಯ ಹತ್ತನೇ ಒಂದಕ್ಕೆ ಇಳಿಸಿತು. 900 ಮೆಗಾಹರ್ಟ್ಜ್‌ಗೆ ಚದರ ಮೀಟರಿಗೆ 0.45 ವ್ಯಾಟ್. ನಡು ಮಧ್ಯಾಹ್ನ ಚಿಂತಾಮಣಿ ಸಂತೆಯಲ್ಲಿ ನಿಂತರೆ ತಲೆ ಮೇಲೆ ಬೀಳುವ ಬಿಸಿಲು ಚದರ ಮೀಟರಿಗೆ ಸುಮಾರು 1,000 ವ್ಯಾಟ್.

ಚಿಕ್ಕಪ್ಪನ ಹುಳುವಿನ ಲೆಕ್ಕವನ್ನು ನಾನೇ ಹಾಕಿದೆ. ಆಂಟೆನಾ 20 ವ್ಯಾಟ್ ಕೊಟ್ಟು, ಅದನ್ನು ಒಂದೇ ದಿಕ್ಕಿಗೆ 50 ಪಟ್ಟು ಒಟ್ಟುಮಾಡಿ ನೇರವಾಗಿ ಹುಳುಮನೆಗೇ ಬಿಟ್ಟಿದೆ ಅಂತಿಟ್ಟುಕೊಳ್ಳಿ. 100 ಮೀಟರ್ ದೂರದಲ್ಲಿ ಅದು ಚದರ ಮೀಟರಿಗೆ 0.008 ವ್ಯಾಟ್ ಆಗುತ್ತದೆ. ದೊಡ್ಡ ಹುಳು 7 ಸೆಂಟಿಮೀಟರ್ ಉದ್ದ, 1 ಸೆಂಟಿಮೀಟರ್ ಅಗಲ, 4 ಗ್ರಾಂ ತೂಕ. ಬಿದ್ದದ್ದನ್ನೆಲ್ಲ ಹುಳು ಹೀರಿಕೊಂಡು, ಒಂದು ಗಂಟೆ ಕಾಲ ಚೂರು ಶಾಖವನ್ನೂ ಹೊರಬಿಡದೆ ಇಟ್ಟುಕೊಂಡರೂ, ಏರುವ ಉಷ್ಣತೆ ಡಿಗ್ರಿಯ ಸಾವಿರದ ಒಂದು ಭಾಗ. ಆಂಟೆನಾ ಹತ್ತು ಇದ್ದರೆ ನೂರನೇ ಒಂದು ಭಾಗ. ಚಿಕ್ಕಪ್ಪ ಹುಳುಮನೆಯ ಬಾಗಿಲು ತೆಗೆದು ಒಳಗೆ ಕಾಲಿಟ್ಟರೆ ಅದಕ್ಕಿಂತ ಜಾಸ್ತಿ ಬಿಸಿಯಾಗುತ್ತದೆ.

ನಿಜವಾಗಿ ಮೈಗೆ ಜಾಸ್ತಿ ತರಂಗ ಕೊಡುವುದು ಜೇಬಿನ ಫೋನು. ಅದರ ಶಕ್ತಿ ಟವರ್‌ಗಿಂತ ಎಷ್ಟೋ ಕಡಿಮೆ, 4ಜಿ ಫೋನಿಗೆ ಗರಿಷ್ಠ 0.2 ವ್ಯಾಟ್. ಆದರೆ ಕಿವಿಗೆ ಅಂಟಿಕೊಂಡಿರುತ್ತದೆ. ಅದರಲ್ಲೂ ಒಂದು ಗಮ್ಮತ್ತಿದೆ. ಸಿಗ್ನಲ್ ಚೆನ್ನಾಗಿದ್ದರೆ ಫೋನು ಮೆಲ್ಲಗೆ ಮಾತಾಡುತ್ತದೆ. ಸಿಗ್ನಲ್ ಇಲ್ಲದಿದ್ದರೆ ಕಿರುಚುತ್ತದೆ. ಟವರ್ ಕಿತ್ತರೆ ಊರಿನ ಪ್ರತಿ ತಲೆಗೂ ಬೀಳುವ ತರಂಗ ಜಾಸ್ತಿಯಾಗುತ್ತದೆ, ಕಡಿಮೆಯಲ್ಲ. ಕಿವಿಗೆ ಬೇಡ ಅನ್ನಿಸಿದರೆ ಸ್ಪೀಕರ್ ಹಾಕಿ, ಅಥವಾ ವೈರಿನ ಇಯರ್‌ಫೋನ್ ಬಳಸಿ, ಬಸ್ಸಲ್ಲಿ ಸಿಗ್ನಲ್ ಒಂದು ಕಡ್ಡಿ ಇದ್ದಾಗ ಉದ್ದ ಮಾತು ಬೇಡ. ಫೋನಿನಲ್ಲಿ ಸ್ಟಾರ್ ಹ್ಯಾಷ್ 07 ಹ್ಯಾಷ್ ಒತ್ತಿದರೆ ಬಹಳಷ್ಟು ಫೋನುಗಳಲ್ಲಿ 'ಎಸ್‌ಎಆರ್' ಅಂಕಿ, ಅಂದರೆ ಮೈ ಎಷ್ಟು ತರಂಗ ಹೀರುತ್ತದೆ ಎಂಬ ಅಳತೆ, ಬರುತ್ತದೆ. ಒಂದು ಗ್ರಾಂ ಅಂಗಾಂಶದ ಸರಾಸರಿಯಲ್ಲಿ ಕಿಲೋಗೆ 1.6 ವ್ಯಾಟ್ ಮೀರಬಾರದು ಎಂಬುದು 2012ರಿಂದ ಬಂದ ನಿಯಮ. ಟವರ್ ಬಗ್ಗೆ ಅನುಮಾನ ಇದ್ದವರಿಗೆ 2017ರಲ್ಲಿ ದೂರಸಂಪರ್ಕ ಇಲಾಖೆ 'ತರಂಗ್ ಸಂಚಾರ್' ಎಂಬ ಜಾಲತಾಣ ತೆರೆದಿದೆ. ಶುಲ್ಕ ಕಟ್ಟಿ ಅಳತೆಯನ್ನೂ ಮಾಡಿಸಬಹುದು.

ತಲೆನೋವಿನ ದೂರು ಸುಳ್ಳು ಅಂತ ನಾನು ಹೇಳಲ್ಲ. ನೋವು ನಿಜ. ಆದರೆ 'ನನಗೆ ತರಂಗ ಆಗಲ್ಲ' ಎನ್ನುವವರನ್ನು ಕೂರಿಸಿ, ತರಂಗ ಯಾವಾಗ ಇದೆ ಯಾವಾಗ ಇಲ್ಲ ಎಂದು ಹೇಳದೆ ಮಾಡಿದ ಹತ್ತಾರು ಪರೀಕ್ಷೆಗಳಲ್ಲಿ, ತರಂಗ ಇಲ್ಲದಾಗಲೂ ಅದೇ ತಲೆನೋವು ಬಂದಿದೆ. ನಮ್ಮೂರಲ್ಲಿ ಕಂಬ ನಿಂತು, ಇನ್ನೂ ಕರೆಂಟ್ ಕೊಡುವ ಮೊದಲೇ ಇಬ್ಬರಿಗೆ ಶುರುವಾಗಿತ್ತು. ಅದೂ ಅಲ್ಲದೆ ಟವರ್ ಕೆಳಗೆ ಡೀಸೆಲ್ ಜನರೇಟರ್ ಇದೆ. ಕರೆಂಟ್ ಹೋದ ರಾತ್ರಿಯೆಲ್ಲ ಗುಡುಗುಡು ಅನ್ನುತ್ತದೆ. ನಿದ್ದೆಗೆಟ್ಟರೆ ತಲೆ ನೋಯಲ್ವಾ? ಅರ್ಜಿಯಲ್ಲಿ ಆ ಜನರೇಟರ್ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನಾಗಿದ್ದರೆ ಅದನ್ನೇ ಮೊದಲು ಬರೆಯುತ್ತಿದ್ದೆ.

ಜೇನಿನ ಬಗ್ಗೆ 2010ರಲ್ಲಿ ಚಂಡೀಗಢದ ಪಂಜಾಬ್ ವಿಶ್ವವಿದ್ಯಾಲಯದ ಒಂದು ಪ್ರಯೋಗ ಪೇಪರಲ್ಲೆಲ್ಲ ಬಂದಿತ್ತು. ಜೇನುಪೆಟ್ಟಿಗೆಯೊಳಗೇ ಫೋನು ಇಟ್ಟು ಮಾಡಿದ್ದು ಅದು. ಪೆಟ್ಟಿಗೆ ಒಳಗೆ ಫೋನು ಇಡುವುದಕ್ಕೂ ದೂರದ ಟವರ್‌ಗೂ ಹೋಲಿಕೆ ಸಲ್ಲದು. ದಕ್ಷಿಣ ಭಾರತದ ತುಡುವೆ ಜೇನು ನಿಜವಾಗಿ ನೆಲಕಚ್ಚಿದ್ದು 1990ರ ದಶಕದ ಶುರುವಿನಲ್ಲಿ, ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್‌ನಿಂದ. ಆಗ ನಮ್ಮಲ್ಲಿ ಒಂದು ಮೊಬೈಲ್ ಟವರೂ ಇರಲಿಲ್ಲ.

ಟವರ್ ಬೇಡ ಅನ್ನುವ ಗಟ್ಟಿ ಕಾರಣ ಇರುವವರು ನಮ್ಮ ಜಿಲ್ಲೆಯಲ್ಲೇ ಇದ್ದಾರೆ. ಗೌರಿಬಿದನೂರಿನ ರೇಡಿಯೋ ದೂರದರ್ಶಕ 1976ರಿಂದ 34.5 ಮೆಗಾಹರ್ಟ್ಜ್‌ನಲ್ಲಿ ಆಕಾಶಕ್ಕೆ ಕಿವಿಗೊಟ್ಟ ಜಾಗ, ಒಂದು ಸಾವಿರ ಆಂಟೆನಾಗಳ ಸಾಲು. ಅವರಿಗೆ ಬೇಕಿರುವುದು ನಿಶ್ಶಬ್ದ. ಅಲ್ಲಿ ಹಿಡಿಯುವ ಸದ್ದಿನ ಮುಂದೆ ಮನುಷ್ಯರು ಮಾಡುವ ಯಾವ ರೇಡಿಯೋ ಗದ್ದಲವೂ ಗುಡುಗು.

ಇನ್ನೊಂದು ಮಾತು ನುಂಗಲಾಗುತ್ತಿಲ್ಲ. ಪಾವಗಡ, ಬಾಗೇಪಲ್ಲಿ, ಶ್ರೀನಿವಾಸಪುರದ ಎಷ್ಟೋ ಊರುಗಳಲ್ಲಿ ಮಕ್ಕಳ ಹಲ್ಲು ಕಂದು ಬಣ್ಣಕ್ಕೆ ತಿರುಗಿದೆ, ಮುದುಕರ ಮಂಡಿ ಮಡಚಲಾಗಲ್ಲ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ಫ್ಲೋರೈಡ್ ನೀರು ಕುಡಿದರೆ ಏನಾಗುತ್ತದೆ ಎಂಬುದಕ್ಕೆ ಯಾವ ಪ್ರಯೋಗಾಲಯವೂ ಬೇಡ. ಬೋರ್‌ವೆಲ್ ವಿರುದ್ಧ ಅರ್ಜಿ ಬರೆದವರನ್ನು ನಾನು ನೋಡಿಲ್ಲ.

ಚಿಕ್ಕಪ್ಪನ ಹುಳುವಿಗೆ ವಾಪಸ್ ಬರುತ್ತೇನೆ. ರೇಷ್ಮೆ ಹುಳು ಯಾಕೆ ಸತ್ತಿತು ಎಂಬ ಪ್ರಶ್ನೆಗೆ ದೊಡ್ಡ ಇತಿಹಾಸವಿದೆ. 1865ರಲ್ಲಿ ಫ್ರಾನ್ಸಿನಲ್ಲಿ ಬೆಳೆ ಮೇಲೆ ಬೆಳೆ ಹೋಗುತ್ತಿದ್ದಾಗ ಸರಕಾರ ಲೂಯಿ ಪಾಶ್ಚರ್ ಅವರನ್ನು ಕಳಿಸಿತು. ಅವರೂ ಮೊದಲು ತಪ್ಪಾಗಿಯೇ ಊಹಿಸಿದ್ದರು. ಕೊನೆಗೆ ತಾಯಿ ಚಿಟ್ಟೆಯನ್ನು ಅರೆದು ಸೂಕ್ಷ್ಮದರ್ಶಕದಲ್ಲಿ ನೋಡಿ, ಗಂಟುರೋಗ ಇಲ್ಲದ ಚಿಟ್ಟೆಯ ಮೊಟ್ಟೆಯನ್ನು ಮಾತ್ರ ಇಟ್ಟುಕೊಳ್ಳುವ ಪದ್ಧತಿ ತಂದರು. ನಾವು ಇವತ್ತು ತರುವ ರೋಗವಿಲ್ಲದ ಮೊಟ್ಟೆ ಅದರದ್ದೇ ಮುಂದುವರಿಕೆ.

ನಾನು ಊರಿಗೆ ಹೋದದ್ದು ಹುಳು ಬಿದ್ದ ಮಾರನೇ ದಿನ. ಸಪ್ಪೆರೋಗ, ಹಾಲುರೋಗ, ಸುಣ್ಣಕಟ್ಟು ಯಾವುದೂ ಒಂದೇ ಸಂಜೆಯಲ್ಲಿ ಹೀಗೆ ಮಲಗಿಸಲ್ಲ. ಹಸಿರು ನೀರು ಕಕ್ಕಿ ತಲೆ ಆಡಿಸುವುದು ಬೇರೆಯದೇ ಗುರುತು. ಬದುಕಿದ್ದ ಹುಳದಲ್ಲಿ ನೂರು ನೂರು ಎಣಿಸಿ ಎರಡು ತಟ್ಟೆಗೆ ಹಾಕಿದೆವು. ಒಂದಕ್ಕೆ ತೋಟದ ಪಶ್ಚಿಮದ ಅಂಚಿನ ಸಾಲಿನ ಸೊಪ್ಪು, ಒಂದಕ್ಕೆ ಪೂರ್ವದ ಕೊನೆಯದು. ಪಶ್ಚಿಮಕ್ಕೆ ಬೇಲಿಯಾಚೆ ಪಕ್ಕದವರ ದ್ರಾಕ್ಷಿ ತೋಟ. ಎರಡು ತಟ್ಟೆಯೂ ಒಂದೇ ಹುಳುಮನೆಯಲ್ಲಿ, ಒಂದೇ ಅಂಕಣದಲ್ಲಿ, ಒಂದೇ ಟವರ್ ಎದುರಿಗೆ. ಸಂಜೆಗೆ ಮೊದಲ ತಟ್ಟೆಯ ಸದ್ದು ನಿಂತಿತು. ಎರಡನೆಯದು ರಾತ್ರಿಯೆಲ್ಲ ಮಳೆ ಸುರಿದ ಹಾಗೆ ತಿನ್ನುತ್ತಲೇ ಇತ್ತು.

ಪಕ್ಕದ ತೋಟದ ಅಣ್ಣನಿಗೆ ಗೊತ್ತೇ ಇರಲಿಲ್ಲ. ಗಾಳಿ ಇತ್ತಾದರೂ ದ್ರಾಕ್ಷಿಗೆ ಹುಳ ಬಿದ್ದಿತ್ತು ಅಂತ ಔಷಧಿ ಹೊಡೆಸಿದ್ದರು, ಅದು ಗಾಳಿಗೆ ಹಾರಿ ನಮ್ಮ ಸೊಪ್ಪಿನ ಮೇಲೆ ಬಿದ್ದಿತ್ತು. ಜಗಳ ಆಗಲಿಲ್ಲ, ಕಾಫಿ ಆಯಿತು. ಈಗ ಹೊಡೆಯುವ ಹಿಂದಿನ ದಿನ ಅವರು ಚಿಕ್ಕಪ್ಪನಿಗೆ ಫೋನ್ ಮಾಡುತ್ತಾರೆ. ಮೊದಲು ಹುಳುಮನೆ ಒಳಗಿದ್ದರೆ ಫೋನ್ ಸಿಗುತ್ತಿರಲಿಲ್ಲ. ಈಗ ಸಿಗುತ್ತದೆ.